ಮಡಕಶಿರದ ದಾರಿಗಳಲ್ಲಿ ಪಿಕಪ್ ಗಾಡಿಗಳ ಪಾಡು

ಹಿಂದೂಪುರದ ಕಡೆಯಿಂದ ಮಡಕಶಿರಕ್ಕೆ ಬರುವವರಿಗೆ ಬಹಳ ದೂರದಿಂದಲೇ ಬೆಟ್ಟ ಕಾಣುತ್ತದೆ. ಸಮೀಪಿಸಿದಂತೆ ಬಂಡೆಯ ಮೈಮೇಲಿನ ಕೋಟೆಯ ಗೋಡೆ ಕಾಣುತ್ತದೆ. ಊರು ಅದರ ಬುಡದಲ್ಲಿದೆ. ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುವುದು ರಸ್ತೆ ಬದಿಯ ಶೆಡ್‌ಗಳಲ್ಲಿ ಕಮಾನು ಪಟ್ಟಿಗಳನ್ನು ಬಡಿಯುವ ಸುತ್ತಿಗೆಯ ಸದ್ದು. ಜ್ಯಾಕಿನ ಮೇಲೆ ಹಿಂಬದಿಯನ್ನು ಎತ್ತಿಕೊಂಡು ನಿಂತ ಪಿಕಪ್ ಗಾಡಿಗಳು, ಅವುಗಳ ಕೆಳಗಿನಿಂದ ಹೊರಚಾಚಿದ ಮೆಕ್ಯಾನಿಕ್ಕುಗಳ ಕಾಲುಗಳು, ಪಕ್ಕದಲ್ಲಿ ಫೋನು ಹಿಡಿದು ಯಾರಿಗೋ ಸಮಾಧಾನ ಹೇಳುತ್ತಿರುವ ಮಾಲೀಕ: ಈ ನೋಟ ಇಲ್ಲಿಯವರಿಗೆ ಎಷ್ಟು ಪರಿಚಿತವೆಂದರೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ಮಡಕಶಿರಕ್ಕೆ ರೈಲು ಇಲ್ಲ. ತುಮಕೂರಿನಿಂದ ಮಧುಗಿರಿ, ಮಡಕಶಿರ, ಪಾವಗಡ, ಕಲ್ಯಾಣದುರ್ಗಗಳ ಮೂಲಕ ರಾಯದುರ್ಗಕ್ಕೆ ಹೋಗಬೇಕಾದ ಮಾರ್ಗ ಮಂಜೂರಾಗಿ ವರ್ಷಗಳು ಕಳೆದರೂ ಪೂರ್ಣಗೊಂಡಿಲ್ಲ. ಹತ್ತಿರದ ನಿಲ್ದಾಣ ಹಿಂದೂಪುರದ್ದೇ. ಉತ್ತರಕ್ಕೆ ಪಾವಗಡ, ಪಶ್ಚಿಮಕ್ಕೆ ಶಿರಾ, ದಕ್ಷಿಣಕ್ಕೆ ಮಧುಗಿರಿ. ಹೀಗೆ ಮೂರು ಕಡೆ ಕರ್ನಾಟಕದಿಂದ ಸುತ್ತುವರಿದ ಈ ಸೀಮೆಯಲ್ಲಿ ಬೆಳೆದ ವಸ್ತು ಹೊರಗೆ ಹೋಗಬೇಕಾದರೂ, ಹೊರಗಿನ ಗೊಬ್ಬರ, ಸಿಮೆಂಟು, ಹಿಂಡಿ ಒಳಗೆ ಬರಬೇಕಾದರೂ ಟಯರುಗಳ ಮೇಲೆಯೇ ಆಗಬೇಕು. ಅಮರಾಪುರ, ಅಗಳಿ, ರೊಳ್ಳ ಭಾಗದ ಅಡಿಕೆ ಮತ್ತು ತೆಂಗು, ಗುಡಿಬಂಡೆ ಕಡೆಯ ಶೇಂಗಾ, ಹುಣಸೆ, ಎಲ್ಲಕ್ಕಿಂತ ಅವಸರದ ಸರಕಾದ ರೇಷ್ಮೆಗೂಡು, ಎಲ್ಲವೂ ಪಿಕಪ್ಪನ್ನೇ ನಂಬಿವೆ.

ಹಿಂದೆ ಈ ಕೆಲಸವನ್ನು ಎತ್ತಿನ ಗಾಡಿ, ಟ್ರ್ಯಾಕ್ಟರು, ಊರಿಗೊಂದೆರಡು ಟೆಂಪೋಗಳು ಹಂಚಿಕೊಂಡಿದ್ದವು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಹಿಡುವಳಿಯ ರೈತನ ಮಗನೂ ಸಾಲ ಮಾಡಿ ಸರಕು ಗಾಡಿಯ ಮಾಲೀಕನಾಗುವುದು ಸಾಧ್ಯವಾಯಿತು. ಅದಕ್ಕಿಂತ ದೊಡ್ಡ ಬೊಲೆರೋ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದವು ಹಳ್ಳಿಗಳ ಒಳಗಿನ ಓಣಿಗಳವರೆಗೂ ಬಂದು ನಿಂತವು. ಮಡಕಶಿರದ ಸಂತೆಯ ದಿನ ನಿಂತ ಗಾಡಿಗಳ ಸಂಖ್ಯಾಫಲಕಗಳನ್ನು ಓದಿದರೇ ಈ ಸೀಮೆಯ ಚರಿತ್ರೆ ತಿಳಿಯುತ್ತದೆ. ಹಳೆಯವು ಎಪಿ 02, ಆಂಧ್ರಕ್ಕೆಲ್ಲ ಒಂದೇ ಸಂಕೇತ ಬಂದ 2019ರ ಈಚಿನವು ಎಪಿ 39, ನಡುವೆ ತುಮಕೂರಿನ ಕೆಎ 06, ಮಧುಗಿರಿಯ ಕೆಎ 64. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೆಯ ಕಲಮಿನಲ್ಲಿ ಪರ್ಮಿಟ್ಟಿನ ವಿನಾಯಿತಿ ಇರುವುದು ಗಡಿಯ ಜನರಿಗೆ ದೊಡ್ಡ ಅನುಕೂಲವಾಗಿದೆ. ಇಲ್ಲಿ ಬೆಳಗ್ಗೆ ಒಂದು ರಾಜ್ಯದಲ್ಲಿ ಹೊರಟ ಗಾಡಿ ತಿಂಡಿಯ ಹೊತ್ತಿಗೆ ಇನ್ನೊಂದರಲ್ಲಿರುತ್ತದೆ.

ಆದರೆ ಗಾಡಿಯೊಂದಿಗೆ ತಿಂಗಳ ಕಂತೂ ಮನೆಗೆ ಬಂದಿದೆ. ಕಂತು ಕಟ್ಟಿ, ಡೀಸೆಲ್ ಹಾಕಿಸಿ ಉಳಿದದ್ದರಲ್ಲಿ ಮನೆಯ ಖರ್ಚು ನಡೆಯಬೇಕು, ಮಕ್ಕಳ ಓದು ನಡೆಯಬೇಕು. ಗಾಡಿ 4 ದಿನ ಶೆಡ್ಡಿನಲ್ಲಿ ನಿಂತರೆ ಆ ತಿಂಗಳ ಲೆಕ್ಕವೇ ಏರುಪೇರಾಗುತ್ತದೆ. ಆದುದರಿಂದ ಇಲ್ಲಿ ಗಾಡಿಯ ಸದ್ದಿನಲ್ಲಾಗುವ ಸಣ್ಣ ವ್ಯತ್ಯಾಸವನ್ನು ಚಾಲಕನಷ್ಟೇ ಎಚ್ಚರದಿಂದ ಅವನ ಮನೆಯವರೂ ಕೇಳಿಸಿಕೊಳ್ಳುತ್ತಾರೆ.

ಮೊದಲ ದೂರು ಯಾವಾಗಲೂ ಕಮಾನಿನದು. ಪಿಕಪ್ಪಿನ ಹಿಂಬದಿಯ ಭಾರವನ್ನೆಲ್ಲ ಹೊರುವುದು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಉಕ್ಕಿನ ಪಟ್ಟಿಗಳು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದನೆಯ ಮುಖ್ಯ ಪಟ್ಟಿ ಎರಡು ತುದಿಗಳಲ್ಲಿ ಸುರುಳಿಯಾಗಿ ಗಾಡಿಯ ಚಾಸಿಗೆ ಸೇರಿಕೊಂಡಿರುತ್ತದೆ. ನಡುವೆ ಒಂದು ಬೋಲ್ಟು ಎಲ್ಲ ಪಟ್ಟಿಗಳನ್ನೂ ಹಿಡಿದಿಡುತ್ತದೆ. ಗಡಿ ಭಾಗದ ರಸ್ತೆಗಳಲ್ಲಿ ಒಂದು ರಾಜ್ಯದ ಡಾಂಬರು ಮುಗಿದು ಇನ್ನೊಂದರದು ಆರಂಭವಾಗುವ ಜಾಗದಲ್ಲಿ ಬಹುಮಟ್ಟಿಗೆ ಯಾರಿಗೂ ಸೇರದ ಒಂದಷ್ಟು ಗುಂಡಿಗಳು ಇರುತ್ತವೆ. ಪೂರ್ತಿ ಹೇರಿದ ಗಾಡಿ ಅದರಲ್ಲಿ ಇಳಿದಾಗ ಮುಖ್ಯ ಪಟ್ಟಿ ಸುರುಳಿಯ ಬುಡದಲ್ಲೋ ನಡುವಿನ ತೂತಿನಲ್ಲೋ ಸೀಳುತ್ತದೆ. ನಡುವಿನ ಬೋಲ್ಟು ಮುರಿದರಂತೂ ಅಚ್ಚು ತನ್ನ ಸ್ಥಾನದಿಂದ ಸರಿದು, ಗಾಡಿ ಮುಂದಕ್ಕೆ ಹೋಗುತ್ತಿದ್ದರೂ ಹಿಂಬದಿ ಒಂದು ಪಕ್ಕಕ್ಕೆ ಎಳೆಯುತ್ತಿರುತ್ತದೆ. ಹಿಂದಿನಿಂದ ಬರುವವನಿಗೆ ಅದು ಸ್ಪಷ್ಟವಾಗಿ ಕಾಣುತ್ತದೆ. ಒಳಗೆ ಕುಳಿತವನಿಗೆ ಕಾಣುವುದಿಲ್ಲ.

ಮುರಿದ ಪಟ್ಟಿಯನ್ನು ವೆಲ್ಡಿಂಗ್ ಮಾಡಿಸಿ ಹಾಕುವವರುಂಟು. ಬೆಂಕಿ ತಾಗಿದ ಜಾಗದಲ್ಲಿ ಉಕ್ಕು ತನ್ನ ಹದ ಕಳೆದುಕೊಳ್ಳುವುದರಿಂದ ಅದು ಮತ್ತೆ ಅಲ್ಲಿಯೇ ಮುರಿಯುತ್ತದೆಂದು ಪಟ್ಟಿ ಬಡಿಯುವವನೇ ಹೇಳುತ್ತಾನೆ, ಹೇಳಿಯೂ ಮಾಡಿಕೊಡುತ್ತಾನೆ. ಇದಕ್ಕಿಂತ ಸಾಮಾನ್ಯವಾದದ್ದು ಹೆಚ್ಚುವರಿ ಪಟ್ಟಿ ಹಾಕಿಸುವ ಪದ್ಧತಿ. ಹೊಸ ಗಾಡಿ ಷೋರೂಮಿನಿಂದ ಬಂದ ವಾರದೊಳಗೆ ಒಂದೋ ಎರಡೋ ಪಟ್ಟಿ ಸೇರಿಸಿ ಹಿಂಬದಿಯನ್ನು ಎತ್ತರಿಸುತ್ತಾರೆ. ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಹೇರುವ ಆಸೆಯೇ ಇದರ ಮೂಲ. ಭಾರವನ್ನು ಕಮಾನು ತಡೆದುಕೊಳ್ಳಬಹುದು. ಆದರೆ ಆ ಭಾರ ಅಲ್ಲಿಗೇ ನಿಲ್ಲದೆ ಅಚ್ಚಿಗೆ, ಚಕ್ರದ ಬೇರಿಂಗಿಗೆ, ಟಯರಿಗೆ, ಬ್ರೇಕಿಗೆ ಇಳಿಯುತ್ತದೆ. ಕೆಲವು ಮಾದರಿಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸರಳಿನಿಂದ ಜೋಡಿಸಿದ ಕವಾಟವಿದ್ದು, ಹಿಂಬದಿ ಭಾರದಿಂದ ಕುಸಿದಷ್ಟೂ ಹಿಂದಿನ ಬ್ರೇಕಿಗೆ ಹೆಚ್ಚು ಬಲ ಕೊಡುವಂತೆ ಅದನ್ನು ರೂಪಿಸಿರುತ್ತಾರೆ. ಹೆಚ್ಚುವರಿ ಪಟ್ಟಿಯಿಂದ ಹಿಂಬದಿ ಕುಸಿಯದೆ ನಿಂತಾಗ ಗಾಡಿ ಖಾಲಿಯಿದೆಯೆಂದೇ ಆ ಕವಾಟ ತಿಳಿಯುತ್ತದೆ. ಅತಿ ಹೆಚ್ಚು ಭಾರವಿರುವಾಗ ಅತಿ ಕಡಿಮೆ ಬ್ರೇಕು. ಇದು ಬಹಳ ಮಾಲೀಕರಿಗೆ ಗೊತ್ತಿಲ್ಲ. ಹಿಡಿದರೆ ದಂಡ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ದಂಡದ ಭಯವಿರುವಷ್ಟು ಬ್ರೇಕಿನ ಭಯವಿದ್ದಿದ್ದರೆ ಚೆನ್ನಾಗಿತ್ತು.

ಎರಡನೆಯ ದೂರು ಈ ನೆಲದ ನೀರಿನಿಂದ ಹುಟ್ಟುವಂಥದು. ಅನಂತಪುರ ಸೀಮೆ ದೇಶದ ಅತಿ ಕಡಿಮೆ ಮಳೆಯ ಭಾಗಗಳಲ್ಲೊಂದು. ಕುಡಿಯುವುದಕ್ಕೂ ಬೆಳೆಗೂ ಕೊಳವೆಬಾವಿಯೇ ಗತಿ. ಆ ನೀರಿನಲ್ಲಿರುವ ಫ್ಲೋರೈಡು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ಎಳೆಯುತ್ತದೆ. ಅದೇ ನೀರಿನ ಸುಣ್ಣದ ಅಂಶ ಪಾತ್ರೆಯ ತಳದಲ್ಲಿ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ. ಬಿಸಿಯಾದ ಎಂಜಿನ್ನನ್ನು ತಣಿಸುವ ರೇಡಿಯೇಟರಿಗೆ ಹಾಕಬೇಕಾದದ್ದು ಕೂಲೆಂಟ್ ದ್ರವ ಮತ್ತು ಬಟ್ಟಿ ಇಳಿಸಿದ ನೀರು. ದಾರಿಯಲ್ಲಿ ಹಾಕುವುದು ಹೊಲದ ಪಕ್ಕದ ಕೊಳವೆಬಾವಿಯ ನೀರು. ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ. ಬೇಸಿಗೆ ಪೂರ್ತಿ ಹೀಗೆ ನಡೆದರೆ ರೇಡಿಯೇಟರಿನ ತೆಳು ಕೊಳವೆಗಳೊಳಗೆ ಸುಣ್ಣ ಕಟ್ಟಿ ನೀರು ಹರಿಯುವ ದಾರಿಯೇ ಕಿರಿದಾಗುತ್ತದೆ. ಆಮೇಲೆ ಶಿರಾ ಕಡೆಯ ಏರಿನಲ್ಲಿ ತೆಂಗಿನಕಾಯಿ ಹೇರಿದ ಗಾಡಿಯ ಮುಳ್ಳು ಕೆಂಪು ಗೆರೆಗೆ ಏರುತ್ತದೆ. ಅಲ್ಲಿ ನಿಲ್ಲಿಸಿದವನ ಖರ್ಚು ರೇಡಿಯೇಟರ್ ಶುದ್ಧಿಯಲ್ಲಿ ಮುಗಿಯುತ್ತದೆ. "ಇನ್ನೊಂದು ಸ್ವಲ್ಪ ದೂರ ತಾನೇ" ಎಂದು ಓಡಿಸಿದವನ ಹೆಡ್ ಗ್ಯಾಸ್ಕೆಟ್ ಸುಟ್ಟು, ಎಂಜಿನ್ ಆಯಿಲಿಗೆ ನೀರು ಸೇರಿ, ಅಳತೆಯ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿರುತ್ತದೆ. ಕಾದ ರೇಡಿಯೇಟರಿನ ಮುಚ್ಚಳವನ್ನು ಅವಸರದಲ್ಲಿ ತೆಗೆದು ಮುಖ ಮತ್ತು ತೋಳು ಸುಟ್ಟುಕೊಳ್ಳುವುದು ಇದಕ್ಕೆ ಸೇರಿದ ಇನ್ನೊಂದು ಸಂಕಟ. ಅರ್ಧ ಗಂಟೆ ಕಾಯುವುದಲ್ಲದೆ ಅದಕ್ಕೆ ಬೇರೆ ಉಪಾಯವಿಲ್ಲ.

ಕ್ಲಚ್ಚಿನ ಕಥೆ ಅಡಿಕೆ ತೋಟದ್ದು. ತೋಟದೊಳಗಿನ ಹಸಿ ಮಣ್ಣಿನಲ್ಲಿ ಹೇರಿದ ಗಾಡಿಯನ್ನು ಅರ್ಧ ಕ್ಲಚ್ಚಿನಲ್ಲಿ ಹಿಡಿದು ಹಿಡಿದು ಮೇಲೆತ್ತುವುದರಿಂದ ಪ್ಲೇಟು ಸವೆಯುತ್ತದೆ. ಸುಟ್ಟ ವಾಸನೆ ಬಂದ ದಿನವೇ ಅದರ ಆಯುಸ್ಸು ಮುಗಿಯುತ್ತ ಬಂದಿರುತ್ತದೆ. ಗೇರು ಬದಲಿಸುವಾಗ ಕೆಳಗಿನಿಂದ ಟಣ್ ಎಂದು ಕೇಳಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿದೆಯೆಂದು ತಿಳಿಯಬೇಕು. ಗ್ರೀಸು ಕಾಣದೆ ಸಾಯುವ ಭಾಗ ಅದು. ವೇಗದಲ್ಲಿರುವಾಗ ಅದು ಕಳಚಿದರೆ ಶಾಫ್ಟು ನೆಲಕ್ಕೆ ಬಡಿಯುತ್ತದೆ.

ಇವುಗಳ ನಡುವೆ ದೊಡ್ಡದಲ್ಲದ, ಆದರೆ ದಿನವೂ ಪೀಡಿಸುವ ಕಿರುಕುಳಗಳಿವೆ. ಕೆಂಪು ಮಣ್ಣಿನ ಧೂಳು ಏರ್ ಫಿಲ್ಟರನ್ನು ಕಟ್ಟಿಸಿ ಗಾಡಿಯ ಎಳೆತ ಕುಗ್ಗಿಸುತ್ತದೆ. ಹಿಂಬದಿಯ ಬಾಗಿಲಿನ ಕೊಂಡಿ ಸಡಿಲಾಗಿ ಖಾಲಿ ಗಾಡಿ ತಗಡಿನ ಡಬ್ಬದಂತೆ ಸದ್ದು ಮಾಡುತ್ತದೆ. ಬೇಸಿಗೆಯಲ್ಲಿ ಎಂಜಿನ್ನಿನ ಕಾವು ಸೀಟಿನ ಕೆಳಗಿನಿಂದ ಏರಿ ಚಾಲಕನನ್ನು ಬೇಯಿಸುತ್ತದೆ. ಎಲ್ಲಕ್ಕಿಂತ ನಗೆಪಾಟಲೂ ನಷ್ಟವೂ ಆದದ್ದು ಇಲಿಯ ಕಾಟ. ಶೇಂಗಾ ಬಳ್ಳಿಯ ಬಣವೆಯ ಪಕ್ಕ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ನಿನ ಬಳಿ ಸೇರಿ ವೈರು ಕಡಿಯುತ್ತವೆ. ಬೆಳಗ್ಗೆ ಕೀಲಿ ತಿರುಗಿಸಿದರೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ, ಡೈನಮೋ ಎಲ್ಲವನ್ನೂ ಬೈದಾದ ಮೇಲೆ ಬಾನೆಟ್ ಎತ್ತಿದವನಿಗೆ ಕಡಿದ ವೈರೂ ಶೇಂಗಾ ಸಿಪ್ಪೆಯೂ ಒಟ್ಟಿಗೆ ಕಾಣುತ್ತವೆ. ಹೊಗೆಸೊಪ್ಪಿನ ಪುಡಿ, ನಾಫ್ತಲೀನ್ ಗುಳಿಗೆ, ಬೆಕ್ಕು: ಒಬ್ಬೊಬ್ಬರದು ಒಂದೊಂದು ಮದ್ದು.

ಈವರೆಗೆ ಹೇಳಿದವೆಲ್ಲ ಕಿವಿಗೂ ಮೂಗಿಗೂ ಸಿಕ್ಕುವ ರೋಗಗಳು. "ಏನಪ್ಪಾ, ಎಲ್ಲಿ ಸದ್ದು?" ಎಂದು ಕೇಳಿ, ಪಕ್ಕದಲ್ಲಿ ಕುಳಿತು ಒಂದು ಫರ್ಲಾಂಗು ಹೋಗಿಬಂದರೆ ಊರಿನ ಮೆಕ್ಯಾನಿಕ್ ರೋಗವನ್ನು ಹೇಳಬಲ್ಲ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ನಿಯಮದ ನಂತರದ ಗಾಡಿಗಳಲ್ಲಿ ಈ ವಿದ್ಯೆ ಅರ್ಧಕ್ಕೆ ನಿಂತಿದೆ. ಹೊಗೆ ಕಡಿಮೆಯಾದುದು ಒಳ್ಳೆಯದೇ; ಸಂತೆಯ ದಿನ ಉಸಿರೆಳೆಯುವ ಮಕ್ಕಳಿಗೆ ಅದರಿಂದ ಲಾಭವೇ. ಆದರೆ ಡೀಸೆಲ್ ಗಾಡಿಗಳ ಹಲವು ಮಾದರಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಶೋಧಕವಿರುತ್ತದೆ. ಅದು ತುಂಬಿದಾಗ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಹಾಗೆ ಸುಡಲು ಹೊಗೆಕೊಳವೆ ಚೆನ್ನಾಗಿ ಕಾಯಬೇಕು. ಕಾಯಲು ಗಾಡಿ ಒಂದಷ್ಟು ಹೊತ್ತು ಒಂದೇ ಸಮನೆ ವೇಗದಲ್ಲಿ ಓಡಬೇಕು. ಹೊಲದಿಂದ ಊರಿಗೆ 3 ಕಿಲೋಮೀಟರು, ಊರಿನಿಂದ ಅಂಗಡಿಗೆ 2 ಕಿಲೋಮೀಟರು ಎಂದು ಓಡುವ ಗಾಡಿಗೆ ಆ ಅವಕಾಶ ಸಿಗುವುದೇ ಇಲ್ಲ. ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ದೀಪ ಹತ್ತಿಯೂ ಗಾಡಿ ಓಡುತ್ತಿರುವುದರಿಂದ ಯಾರೂ ಗಮನ ಕೊಡುವುದಿಲ್ಲ. ಕೊನೆಗೆ ಎಂಜಿನ್ನು ತನ್ನನ್ನು ಉಳಿಸಿಕೊಳ್ಳಲು ತಾನೇ ಬಲ ತಗ್ಗಿಸಿಕೊಂಡು ಆಮೆಯ ನಡಿಗೆಗೆ ಇಳಿಯುತ್ತದೆ. ದೋಷವೇನೆಂದು ಓದಲು ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇರುವುದು ದೊಡ್ಡ ಊರಿನಲ್ಲಿ. ಅಲ್ಲಿಗೆ ಹೋಗಬೇಕಾದ ಗಾಡಿ ಹೋಗಲಾರದ ಸ್ಥಿತಿಯಲ್ಲಿ. ಹಳದಿ ದೀಪ ಹತ್ತಿದ ದಿನವೇ ಶಿರಾ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬಂದರೆ ಅನೇಕ ವೇಳೆ ದೀಪ ತಾನಾಗಿ ಆರುವುದೆಂಬುದನ್ನು ಗಾಡಿ ಮಾರುವವರು ಹೇಳಿಕೊಡುವುದು ಅಪರೂಪ. ಮಾಲೀಕರ ಕೈಪಿಡಿಯಲ್ಲಿ ಅದು ಇರುತ್ತದೆ, ಇಂಗ್ಲಿಷಿನಲ್ಲಿ.

ಇಂಥ ನಿಲುಗಡೆ ಬೇರೆಯವರಿಗೆ ತೊಂದರೆ. ರೇಷ್ಮೆ ಬೆಳೆಗಾರನಿಗೆ ಪೆಟ್ಟು. ಚಂದ್ರಿಕೆಗೆ ಬಿಟ್ಟ ಹುಳು ಗೂಡು ಕಟ್ಟಿ ಮುಗಿಸಿದ ಐದಾರನೆಯ ದಿನಕ್ಕೆ ಗೂಡು ಬಿಡಿಸಿ ಹಿಂದೂಪುರದ ಮಾರುಕಟ್ಟೆಯ ಹರಾಜಿಗೆ ಸೇರಿಸಬೇಕು. ತಡವಾದಷ್ಟೂ ಗೂಡಿನ ತೂಕ ಇಳಿಯುತ್ತದೆ. ಇನ್ನಷ್ಟು ತಡವಾದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ಅಂಥ ಗೂಡಿನಿಂದ ನೂಲು ಬಿಚ್ಚಲಾಗದು. ಚೀಲದಲ್ಲಿ ಒತ್ತಿಟ್ಟ ಗೂಡು ಬಿಸಿಲಿನಲ್ಲಿ ಕೆಟ್ಟ ಗಾಡಿಯ ಮೇಲೆ ಬೆವರುತ್ತದೆ, ಕಲೆ ಹಿಡಿಯುತ್ತದೆ. ಮಡಕಶಿರದಿಂದ ಹಿಂದೂಪುರ ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಇಡೀ ಬೆಳೆಯ ಬೆಲೆ ನಿಂತಿರುತ್ತದೆ. ಆದುದರಿಂದಲೇ ಗೂಡಿನ ದಿನ ಬಾಡಿಗೆಗೆ ಗಾಡಿ ಕರೆಯುವ ರೈತ ದರಕ್ಕಿಂತ ಮೊದಲು ಕೇಳುವುದು "ಗಾಡಿ ಹೆಂಗೈತಣ್ಣಾ?" ಎಂದು.

ಹೊಸ ಗಾಡಿಯೇ ಮತ್ತೆ ಮತ್ತೆ ಅದೇ ದೋಷಕ್ಕೆ ನಿಂತರೆ ಮಾಡುವುದೇನು? ಬಹಳ ಮಂದಿ ಸರ್ವೀಸ್ ಕೇಂದ್ರಕ್ಕೆ ಐದಾರು ಸಲ ಅಲೆದು, ಕೊನೆಗೆ ಹಣೆಬರಹವೆಂದು ಸುಮ್ಮನಾಗುತ್ತಾರೆ. ಬಾಡಿಗೆಗೆ ಓಡುವ ಗಾಡಿಯಾದ್ದರಿಂದ ಗ್ರಾಹಕರ ಕಾನೂನು ಅನ್ವಯಿಸದೆಂಬ ನಂಬಿಕೆಯೂ ಇದೆ. ಅದು ತಪ್ಪು. ತನ್ನ ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಯಿಂದ ಓಡಿಸಲು ಕೊಂಡ ವಾಹನದ ಮಾಲೀಕ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಆಟೋ ಮತ್ತು ಲಾರಿಯ ಉದಾಹರಣೆಗಳನ್ನೇ ಕೊಟ್ಟು ವಿವರಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಗಾಡಿ ಕೊಂಡದ್ದು ಬೆಂಗಳೂರಿನಲ್ಲಾದರೂ ಮಾಲೀಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಗಾಡಿಯ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ. ಅವಧಿ 2 ವರ್ಷ. ಆದರೆ 4 ಗಾಡಿ ಇಟ್ಟು ಸಂಬಳದ ಚಾಲಕರಿಂದ ಓಡಿಸುವವರಿಗೆ ಈ ದಾರಿ ಸುಲಭವಲ್ಲ.

ಅಲ್ಲಿ ಉಪಯೋಗಕ್ಕೆ ಬರುವುದು ಜಾಬ್ ಕಾರ್ಡ್ ಎಂಬ ಒಂದು ಹಾಳೆ. ಗಾಡಿ ಒಳಗೆ ಬಿಡುವಾಗ ಮಾಲೀಕ ಹೇಳಿದ ದೂರನ್ನು ಅದರಲ್ಲಿ ಬರೆಯುತ್ತಾರೆ. "ಏರಿನಲ್ಲಿ ಬಿಸಿಯಾಗುತ್ತದೆ, ಮೂರನೆಯ ಸಲ" ಎಂದು ಮಾಲೀಕ ಹೇಳಿದ್ದು ಹಾಳೆಯಲ್ಲಿ ಬರೀ "ಸಾಮಾನ್ಯ ತಪಾಸಣೆ" ಎಂದಾಗಿದ್ದರೆ ಆಯೋಗದ ಮುಂದೆ ಮೂರು ಸಲ ಬಂದದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ಹಾಳೆ ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ತೆಲುಗಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಮಗಳು ಅಕ್ಷರ ಕೂಡಿಸಿ ಅದನ್ನು ತಂದೆಗೆ ಓದಿ ಹೇಳುವ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಓದಿದ ಮೇಲೆ ಸಹಿ ಹಾಕುವುದೋ, ಸಹಿ ಹಾಕಿದ ಮೇಲೆ ಓದಿಸುವುದೋ ಎಂಬುದರ ಮೇಲೆ ಎಷ್ಟೋ ನಿಂತಿರುತ್ತದೆ. ಷೋರೂಮಿನಿಂದ ಬಂದ ವಾರದಲ್ಲೇ ಹಾಕಿಸಿದ ಹೆಚ್ಚುವರಿ ಪಟ್ಟಿ ಇಲ್ಲಿ ಮತ್ತೆ ಕಾಡುತ್ತದೆ: ಗಾಡಿಯ ಮೂಲ ರಚನೆ ಬದಲಿಸಲಾಗಿದೆಯೆಂದು ವಾರಂಟಿ ನಿರಾಕರಿಸಲು ಕಂಪನಿಗೆ ಅದಕ್ಕಿಂತ ಸುಲಭದ ಕಾರಣ ಬೇಕಿಲ್ಲ.

ಮಡಕಶಿರದಿಂದ ಪಶ್ಚಿಮಕ್ಕೆ ಅಮರಾಪುರದ ದಾರಿ ಹಿಡಿದರೆ ಹೇಮಾವತಿ ಸಿಗುತ್ತದೆ. ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಇಲ್ಲಿಯ ನುಣುಪಾದ ಕರಿಗಲ್ಲಿನ ಕಂಬಗಳು ಚೋಳರ ದಂಡಯಾತ್ರೆಯ ಕಾಲದಲ್ಲಿ ಸಾಗಿ ಹೋಗಿ ಇಂದು ತಂಜಾವೂರಿನ ಬಳಿಯ ತಿರುವಯ್ಯಾರಿನ ದೇವಾಲಯದಲ್ಲಿ ನಿಂತಿವೆಯೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಯಾವ ಗಾಡಿಯ ಮೇಲೆ, ಎಷ್ಟು ಅಚ್ಚು ಮುರಿದುಕೊಂಡು ಹೋದವೋ! ಶಿವರಾತ್ರಿಯ ಹೊತ್ತಿಗೆ ಹೇಮಾವತಿಯ ಸಿದ್ಧೇಶ್ವರನ ಸನ್ನಿಧಿಗೆ ಸುತ್ತಣ ಹಳ್ಳಿಗಳ ಜನ ಹೊರಡುತ್ತಾರೆ, ಬಸ್ಸು ಸಾಲದೆ ಪಿಕಪ್ಪುಗಳ ಹಿಂಬದಿಯಲ್ಲಿ ನಿಂತು ಹೊರಡುತ್ತಾರೆ. ಮದುವೆಗೆ, ಕೂಲಿಗೆ, ಬಸ್ಸು ತಪ್ಪಿದ ದಿನ ಶಾಲೆಗೆ ಕೂಡ.

ಇಲ್ಲಿ ಗಾಡಿಯ ರೋಗಗಳೆಲ್ಲ ಬೇರೊಂದು ಅರ್ಥ ಪಡೆಯುತ್ತವೆ. ಎತ್ತರಿಸಿದ ಹಿಂಬದಿ, ಮೋಸಹೋದ ಬ್ರೇಕಿನ ಕವಾಟ, ಸವೆದ ಟಯರು, ಸೀಳಿದ ಪಟ್ಟಿ, ಇವುಗಳ ಮೇಲೆ ಮೂಟೆಗಳ ಬದಲು ಜನ. ಗಾಡಿಗೆ ವಿಮೆ ಇದೆಯಲ್ಲ ಎಂಬುದು ಸಾಮಾನ್ಯ ಧೈರ್ಯ. ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸರಕು ವಾಹನದ ಪ್ರಯಾಣಿಕರ ಸಾವುನೋವಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ತೀರ್ಮಾನಿಸಿತು. ಸರಕಿನ ಜೊತೆ ಹೋಗುವ ಅದರ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಮಾತ್ರ 1994ರ ತಿದ್ದುಪಡಿಯ ನಂತರ ರಕ್ಷಣೆಯುಂಟು. ಕೆಲವು ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ಕೊಟ್ಟು ಬಳಿಕ ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶಗಳಾಗಿವೆ. ಎರಡರಲ್ಲೂ ಕಡೆಗೆ ಕೊಡಬೇಕಾದವನು ಮಾಲೀಕನೇ. ಚಾಲಕನ ಲೈಸೆನ್ಸಿನ ವಿಷಯದಲ್ಲಿ ಈಗ ಸ್ವಲ್ಪ ನೆಮ್ಮದಿಯಿದೆ. ಹಗುರ ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಟ್ಟು ತೂಕದವರೆಗಿನ ಸರಕು ಗಾಡಿಯನ್ನೂ ಓಡಿಸಬಹುದೆಂದು ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಹಿಂದೆ ನಿಂತ ಜನರ ಮಾತಿಗೆ ಆ ತೀರ್ಪಿನಿಂದ ಏನೂ ಬದಲಾಗಿಲ್ಲ.

ಅಂಥ ಪರಿಹಾರದ ಮೊತ್ತ ಬಂದಾಗ ಗಾಡಿ ಸಾಮಾನ್ಯವಾಗಿ ಮಾಲೀಕನ ಬಳಿ ಇರುವುದೇ ಇಲ್ಲ. ಕಂತು ತಪ್ಪಿ ಸಾಲ ಕೊಟ್ಟವರ ಅಂಗಳ ಸೇರಿರುತ್ತದೆ. ಉಳಿಯುವುದು ಹೊಲ. ಇದನ್ನು ಕಂಡುಂಡ ಕೆಲವು ಹಿರಿಯ ಚಾಲಕರು ಜಾತ್ರೆಯ ದಿನ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ತಾವೂ ಬಸ್ಸಿಗೇ ಕಾಯುತ್ತಾರೆ. ಉಳಿದ ದಿನಗಳಲ್ಲಿ, ಪುಸ್ತಕದ ಚೀಲ ಹೊತ್ತು ಅಮರಾಪುರದ ರಸ್ತೆಯಲ್ಲಿ ಕೈ ಅಡ್ಡ ಹಿಡಿಯುವ ಮಕ್ಕಳಿಗೆ, ನೋಂದಣಿ ಪತ್ರದಲ್ಲಿ ಬರೆದಿರುವಷ್ಟು ಸೀಟು ಖಾಲಿಯಿದ್ದರೆ ಕ್ಯಾಬಿನ್ನಿನ ಬಾಗಿಲು ತೆರೆಯುತ್ತಾರೆ. ಸೀಟು ತುಂಬಿದ್ದರೆ, "ಹಿಂದೆ ಬ್ಯಾಡ ಮಗಾ, ಬಸ್ಸು ಬತ್ತೈತೆ" ಎಂದು ಹೇಳಿ ಮುಂದೆ ಹೋಗುತ್ತಾರೆ.